ಹೊಗೆ ಕುಡಿದ ಸೂರು

ಆ ಮನೆಯಲ್ಲಿ ಸೂರಿಗೆ ಉಣಿಸಿದ ಮೇಲೇ ಜನರಿಗೆ ಊಟ. ಬೆಳಕು ಹರಿಯುತ್ತಿದ್ದಂತೆ ಒಲೆ ಹಚ್ಚಬೇಕು. ಒಣ ಸೌದೆ ಚೆನ್ನಾಗಿ ಹತ್ತಿಕೊಂಡ ಮೇಲೆ ಅದರ ಮೇಲೊಂದು ಹಸಿ ಸೌದೆ ಇಡಬೇಕು. ಉರಿ ಕಮ್ಮಿ, ಹೊಗೆ ಜಾಸ್ತಿ. ಆ ಹೊಗೆ ನಿಧಾನವಾಗಿ ಮೇಲೇರಿ, ತೊಲೆಗಳ ಸುತ್ತ ಸುಳಿದಾಡಿ, ಎಲೆಗಳ ಸಂದಿಯಲ್ಲಿ ನುಸುಳಿ ಆಚೆ ಹೋಗಬೇಕು. ಬೀದಿಯಲ್ಲಿ ನಿಂತವರಿಗೆ ಮನೆಯೇ ತಲೆಸ್ನಾನ ಮಾಡಿ ಕೂದಲು ಆರಿಸಿಕೊಳ್ಳುತ್ತಿದೆಯೇನೋ ಅನ್ನಿಸಬೇಕು. ಹಾಗೆ ಅನ್ನಿಸಿದರೆ ಸೂರಿನ ಹೊಟ್ಟೆ ತುಂಬಿತು ಅಂತ ಅರ್ಥ. ಆಮೇಲೆ ಬೇಕಾದರೆ ಅಡುಗೆಗೆ ನೀರಿಡಬಹುದು.

ಸೂರು ಬೀಸಣಿಗೆ ತಾಳೆಯ ಎಲೆಯದು. ಊರು ಮುಗಿದು ಕಾಡು ಶುರುವಾಗುವ ಕಡೆ, ದೊಡ್ಡ ಮರಗಳ ನೆರಳಲ್ಲಿ, ಸದಾ ಕಾಲು ಒದ್ದೆ ಮಾಡಿಕೊಂಡು ನಿಲ್ಲುವ ಗಿಡ್ಡ ಜಾತಿಯ ತಾಳೆ ಅದು. ಗಿಡ್ಡವಾದರೇನು, ಎಲೆಯ ಗತ್ತು ನೋಡಬೇಕು. ಚಕ್ರದ ಹಾಗೆ ದುಂಡಗೆ, ಇಸ್ತ್ರಿ ಹಾಕಿದ ಲಂಗದ ಹಾಗೆ ನಿರಿಗೆ ನಿರಿಗೆ. ಮಳೆ ಸಿಕ್ಕಿಕೊಂಡರೆ ಜನ ಒಂದೆಲೆ ಕೊಯ್ದು ತಲೆಯ ಮೇಲೆ ಹಿಡಿದು ನಡೆಯುತ್ತಾರೆ. ಮೀನು ಮಾರುವವಳು ಅದರಲ್ಲೇ ಮೀನು ಸುತ್ತಿ ಕೊಡುತ್ತಾಳೆ. ಕೂಲಿಗೆ ಹೋಗುವವರು ಬುತ್ತಿ ಕಟ್ಟುವುದೂ ಅದರಲ್ಲೇ, ಉಂಡಾದ ಮೇಲೆ ಗಾಳಿ ಬೀಸಿಕೊಂಡು ಒರಗುವುದೂ ಅದರಲ್ಲೇ. ಕಾಂಡ ಮುದುಕರ ಊರುಗೋಲಿಗೆ. ಗಿಡದ ನಡುವೆ ಮಡಿಸಿಟ್ಟ ಕೊಡೆಯ ಹಾಗೆ ಇನ್ನೂ ಬಿಚ್ಚದ ಎಳೆ ಎಲೆಯೊಂದು ನಿಂತಿರುತ್ತದಲ್ಲ, ಆ ಸುಳಿ, ಅದು ಟೋಪಿ ಹೆಣೆಯುವುದಕ್ಕೆ. ಆದರೆ ಸುಳಿಗೆ ಕೈ ಹಾಕುವವರು ನೋಡಿ ಹಾಕಬೇಕು. ಒಂದು ಗಿಡದಲ್ಲಿ ತೆಗೆದರೆ ಅದರ ನೆರೆಯ ಗಿಡಗಳನ್ನು ಬಿಡಬೇಕು, ತೆಗೆಯುವಾಗಲೂ ಬುಡಕ್ಕೆ ಕತ್ತಿ ತಾಗಿಸಬಾರದು. ತಾಳೆಗೆ ಬೆಳೆಯುವ ಜಾಗ ಅಂತ ಇರುವುದು ಅದೊಂದೇ. ಅದು ಹೋದರೆ ಗಿಡ ನಿಂತಲ್ಲೇ ಸಾಯುತ್ತದೆ.

ಇಷ್ಟೆಲ್ಲ ಉಪಕಾರದ ಎಲೆಗೆ ಒಂದೇ ಒಂದು ಕೆಟ್ಟ ಚಾಳಿ. ಒಣಗಿತೆಂದರೆ ಹುಳಕ್ಕೆ ಹಬ್ಬದೂಟ. ಸುಮ್ಮನೆ ಹೊದಿಸಿಟ್ಟ ಸೂರು ನೋಡುನೋಡುತ್ತಲೇ ಪುಡಿಯಾಗಿ ತಟ್ಟೆಗೆ ಉದುರುತ್ತದೆ. ಕೆಳಗಿನಿಂದ ದಿನವೂ ಹೊಗೆ ತಾಗಿದರೆ ಮಾತ್ರ ಹುಳ ಹತ್ತಿರ ಸುಳಿಯುವುದಿಲ್ಲ. ಆ ಮನೆಯ ಸೂರು ಎಷ್ಟು ಹೊಗೆ ಕುಡಿದಿತ್ತೆಂದರೆ ಒಳಗಿನಿಂದ ನೋಡಿದರೆ ಹಳೆಯ ಬಾಣಲೆಯ ತಳದ ಹಾಗೆ ಕಪ್ಪಗೆ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು.

ಆ ಹೊಳಪೆಲ್ಲ ಅತ್ತೆಯ ದುಡಿಮೆ. ಮದುವೆಯಾಗಿ ಬಂದ ಹೊಸದರಲ್ಲೇ ಒಲೆಯ ಮುಂದಿನ ಮಣೆಯ ಮೇಲೆ ಕೂತವರು, ಮಗ ಹುಟ್ಟಿದಾಗ ಒಂದಿಷ್ಟು ದಿನ ಎದ್ದಿದ್ದು ಬಿಟ್ಟರೆ, ಏಳಲೇ ಇಲ್ಲ. ಆಮೇಲೆ ಮಾವ ಹೋದರು, ಮಗ ದೊಡ್ಡವನಾಗಿ ಅಪ್ಪನ ಕಸುಬು ಹಿಡಿದು ಸೂರು ಹೊದಿಸುವ ಮೇಸ್ತ್ರಿಯಾದ. ಅತ್ತೆಗೆ ಕೆಮ್ಮು ಹಿಡಿಯಿತು. ಮೊದಲು ಸಣ್ಣ ಕೆಮ್ಮು, ಆಮೇಲೆ ಹಾಸಿಗೆಯಿಂದ ಎತ್ತಿ ಕೂರಿಸುವ ಕೆಮ್ಮು. ಕೊನೆಗೆ ಸೊಸೆಯೇ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಎದೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, "ಯಾಕಮ್ಮ ಈ ವಯಸ್ಸಲ್ಲಿ ಇಷ್ಟೊಂದು ಬೀಡಿ ಸೇದ್ತೀರಿ?" ಅಂದರು.

"ಸೇದೋದು ನಾನಲ್ಲ ಡಾಕ್ಟ್ರೇ," ಅಂದರು ಅತ್ತೆ. "ನಮ್ಮನೆ ಸೂರು ಸೇದುತ್ತೆ. ನಾನು ಪಕ್ಕದಲ್ಲಿ ಕೂತು ಬೆಂಕಿ ಕೊಡ್ತೀನಿ ಅಷ್ಟೆ."

ಡಾಕ್ಟರಮ್ಮ ನಗಲಿಲ್ಲ. ಇನ್ನು ಮೇಲೆ ಒಲೆಯ ಹತ್ತಿರ ಸುಳಿಯಬೇಡಿ, ಸುಳಿದರೆ ನನ್ನ ಹತ್ತಿರ ಬರಬೇಡಿ ಅಂತ ಖಡಾಖಂಡಿತವಾಗಿ ಹೇಳಿ ಕಳಿಸಿದರು. ಆ ಸಂಜೆಯೇ ಮೇಸ್ತ್ರಿ ಅಮ್ಮನ ಮಂಚವನ್ನು ಹಿತ್ತಲ ಜಗಲಿಗೆ ಹಾಕಿದ. ಬೆಳಗಾಗುವಷ್ಟರಲ್ಲಿ ಮಣೆ ಸೊಸೆಯ ಪಾಲಿಗೆ ಬಂದಿತ್ತು. ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಊದುಕೊಳವೆ ಒಲೆಯ ಪಕ್ಕ ಒರಗಿಕೊಂಡು ಅವಳನ್ನೇ ನೋಡುತ್ತಿತ್ತು.

ಸೊಸೆ ಅಲ್ಲಿಯವರೆಗೆ ಮುಂದಿನ ಜಗಲಿಯಲ್ಲಿ ಕೂತು ಟೋಪಿ ಹೆಣೆಯುತ್ತಿದ್ದವಳು. ಸುಳಿ ಎಲೆಯನ್ನು ಕುದಿಸಿ, ಆರಿಸಿ, ಉಗುರಿನಲ್ಲಿ ಸೀಳಿ ಹೆಣೆದರೆ ಟೋಪಿ ಕೆನೆ ಬಣ್ಣಕ್ಕೆ ಬರುತ್ತಿತ್ತು. ಬೀದಿ ನೋಡುತ್ತಾ, ಎದುರು ಮನೆಯ ಟೈಲರಕ್ಕನ ಜತೆ ಹರಟುತ್ತಾ, ಸಂಜೆಗೆ ಟೋಪಿಗಳನ್ನು ಒಂದರೊಳಗೊಂದು ಪೇರಿಸಿಡುವ ಕೆಲಸ. ಅವಳಿಗೆ ಅದು ಕೆಲಸ ಅಂತ ಅನ್ನಿಸಿದ್ದೇ ಇಲ್ಲ. ಈಗ ಮಣೆಯ ಮೇಲೆ ಕೂತ ಮೂರನೆಯ ದಿನಕ್ಕೆ ಮೂಗು ಸೀಟಿದರೆ ಕರವಸ್ತ್ರದಲ್ಲಿ ಮಸಿ. ಅವಳು ಅದನ್ನು ಹಿಡಿದುಕೊಂಡು ಹೋಗಿ ಗಂಡನ ಮುಂದೆ ಬಿಡಿಸಿದಳು.

"ರೀ, ನೋಡಿ ಇಲ್ಲಿ. ಗ್ಯಾಸ್ ಒಲೆ ತಂದುಬಿಡೋಣ."

"ಗ್ಯಾಸಲ್ಲಿ ನೀನು ಅಡುಗೆ ಮಾಡ್ತೀಯ, ಸರಿ. ಸೂರಿಗೆ ಏನ್ ಹಾಕ್ತೀಯ?" ಅಂದ ಮೇಸ್ತ್ರಿ, ಬೆತ್ತದ ಸಿಪ್ಪೆ ಸೀಳುತ್ತಾ. ಸೂರಿನ ಎಲೆಗಳನ್ನು ಗಳಕ್ಕೆ ಬಿಗಿಯುವುದು ಅದರಲ್ಲೇ.

"ಸೂರು ತೆಗೆದು ತಗಡು ಹಾಕ್ಸಿ."

"ಸೂರು ಹೊದಿಸೋ ಮೇಸ್ತ್ರಿ ಮನೆಗೆ ತಗಡು! ಕೆಲಸ ಕೊಡೋಕೆ ಬಂದವರು ಮೊದಲು ನಮ್ಮನೆ ಸೂರು ನೋಡ್ತಾರೆ ಕಣೇ. ಈ ಸೂರೇ ನನ್ನ ಬೋರ್ಡು."

"ಹಾಗಿದ್ರೆ ನಿಮ್ಮ ಬೋರ್ಡಿಗೆ ನೀವೇ ಹೊಗೆ ಹಾಕಿ. ಒಂದು ದಿನ ಕೂತು ನೋಡಿ."

"ನನಗೆ ಹೊಗೆ ಆಗಲ್ಲ, ಗೊತ್ತಲ್ಲ ನಿನಗೆ. ಕಣ್ಣುರಿ ಬರುತ್ತೆ," ಅಂದ ಅವನು. ಎಷ್ಟು ಸಹಜವಾಗಿ ಅಂದನೆಂದರೆ, ಉಳಿದವರ ಕಣ್ಣು ಬೇರೆ ಯಾವುದೋ ಸಾಮಾನಿನಿಂದ ಮಾಡಿದ್ದಿರಬೇಕು ಅಂತ ಸೊಸೆಗೇ ಒಂದು ಕ್ಷಣ ಅನುಮಾನ ಬಂತು. ಮೇಸ್ತ್ರಿ ಕೆಟ್ಟವನೇನಲ್ಲ. ಹೊಡೆಯುವುದು ಬಡಿಯುವುದು ಅವನಿಗೆ ಗೊತ್ತಿಲ್ಲ, ಕುಡಿತ ಇಲ್ಲ. ಒಲೆಯ ಮುಂದೆ ಹೆಂಗಸು ಕೂತಿರುವುದು ಮಾತ್ರ ಅವನ ಕಣ್ಣಿಗೆ ಗೋಡೆಯಲ್ಲಿ ಕಿಟಕಿ ಇದ್ದಷ್ಟೇ ಮಾಮೂಲು.

ಅತ್ತೆಯಾದರೂ ಹಿತ್ತಲಿಂದ ಜತೆ ಕೊಡುತ್ತಿದ್ದರು. "ಏ, ಹಸಿ ಸೌದೆ ಜಾಸ್ತಿ ಆಯ್ತು ಕಣೇ, ಇಲ್ಲಿಗೇ ವಾಸನೆ ಬರ್ತಿದೆ!" ಅಂತ ಕೂಗುವರು. "ಅಷ್ಟು ಬಗ್ಗಬೇಡ, ಸೆರಗು ಮೂಗಿಗೆ ಕಟ್ಟಿಕೋ!" ಅನ್ನುವರು. ಕೆಮ್ಮು ಬಿಡುವು ಕೊಟ್ಟಾಗ ಇಬ್ಬರೂ ಗೋಡೆಯ ಆಚೆ ಈಚೆ ಕೂತು ಮೇಸ್ತ್ರಿಯನ್ನು ಆಡಿಕೊಂಡು ನಗುವರು. ಆ ಮನೆಯಲ್ಲಿ ತನ್ನ ಕಡೆಯವರು ಅಂತ ಯಾರಾದರೂ ಇದ್ದರೆ ಅದು ಅತ್ತೆ ಅಂತ ಸೊಸೆ ನಂಬಿದ್ದಳು.

ಎದುರು ಮನೆಯ ಟೈಲರಕ್ಕನದು ತಗಡಿನ ಮನೆ. "ಮಳೆ ಬಂದ್ರೆ ತಮಟೆ, ಬಿಸಿಲು ಬಂದ್ರೆ ಕಾದ ಕಾವಲಿ," ಅನ್ನುತ್ತಿದ್ದಳು ಅವಳು, ಹೊಲಿಗೆ ಯಂತ್ರ ತುಳಿಯುತ್ತಾ. "ಆದ್ರೆ ಎದೆ ನೋಡು, ಗಾಜಿನ ಥರ ಇದೆ. ನಿನ್ನ ಥರ ಹೊಗೆ ಗೂಡಲ್ಲ."

"ಸುಮ್ನಿರಕ್ಕ, ಹೊಟ್ಟೆ ಉರಿಸಬೇಡ," ಅನ್ನುವಳು ಸೊಸೆ. "ಉರಿಸೋದೇ ನನ್ನ ಕೆಲಸ ಆಗಿಬಿಟ್ಟಿದೆ ಈಗ."

ಹೀಗಿರುವಾಗ ಒಂದು ದಿನ ಬಿಳಿ ಬೂಟಿನವನು ಬಂದ.

ಕಾಡಿನ ಅಂಚಿನಲ್ಲಿ ಪ್ರವಾಸಿಗರಿಗೆ ಅಂತ ಅವನೊಂದು ದೊಡ್ಡ ವಸತಿಗೃಹ ಕಟ್ಟಿಸುತ್ತಿದ್ದ. ಅದರ ಊಟದ ಹಾಲಿಗೆ ಎಲೆಯ ಸೂರು ಬೇಕಿತ್ತಂತೆ. ಆ ಕೆಸರಿನ ಬೀದಿಯಲ್ಲಿ ಬಿಳಿ ಬೂಟು ಹಾಕಿಕೊಂಡು ಬರುವವನಿಗೆ ಧೈರ್ಯ ಎಷ್ಟಿದೆಯೋ ಬುದ್ಧಿ ಅಷ್ಟಿಲ್ಲ ಅಂತ ಟೈಲರಕ್ಕ ಬಾಗಿಲಲ್ಲೇ ತೀರ್ಪು ಕೊಟ್ಟಳು. ಮೇಸ್ತ್ರಿ ಅವನನ್ನು ಒಳಗೆ ಕರೆತಂದು, ಕತ್ತೆತ್ತಿಸಿ, ಸೂರು ತೋರಿಸಿದ. ಎಲೆ ಮೇಲೆ ಎಲೆ ಹೇಗೆ ಕೂರುತ್ತದೆ, ನೀರು ಹೇಗೆ ಜಾರುತ್ತದೆ, ಮೊಳೆ ಯಾಕೆ ಬೇಡ ಅಂತ ಒಂದೇ ಉಸಿರಿಗೆ ಒದರಿದ. ಆಮೇಲೆ ಸ್ವಲ್ಪ ನಾಚಿಕೊಂಡು, "ಇದು ಹಳೇದು ಸರ್, ಮಸಿ ಹಿಡಿದಿದೆ. ನಿಮಗೆ ಹೊಸದು ಬೆಳ್ಳಗೆ ಬರುತ್ತೆ," ಅಂದ.

ಬಿಳಿ ಬೂಟಿನವನ ಮುಖ ಇಳಿದುಹೋಯಿತು. "ಬೆಳ್ಳಗೆ ಬೇಡ. ಇದು ಯಾವ ಪಾಲಿಶು? ಇದನ್ನ ಹೊಡೆಯೋಕೆ ಆಗುತ್ತಾ?"

ಮಸಿಯನ್ನು ಪಾಲಿಶು ಅಂದವರನ್ನು ಮೇಸ್ತ್ರಿ ಕಂಡಿರಲಿಲ್ಲ. ಆದರೆ ಒಲೆಯ ಮುಂದಿದ್ದ ಸೊಸೆ ಆ ಮುಖವನ್ನು ಓದಿಬಿಟ್ಟಳು. ಇಷ್ಟು ದಿನ ಊದಿ ಊದಿ ಮಂಕು ಹಿಡಿದಿದ್ದ ಅವಳ ತಲೆಗೆ ಒಂದೇ ಸಲ ಬೆಳಕು ಬಿತ್ತು. ಟೀ ಲೋಟ ಹಿಡಿದು ಎದ್ದು ಬಂದಳು.

"ಪಾಲಿಶು ಅಲ್ಲ ಸರ್, ಹೊಗೆ. ನಮ್ಮತ್ತೆ ಮದುವೆ ಆಗಿ ಬಂದಾಗಿನಿಂದ ದಿನಾ ಈ ಒಲೆ ಮುಂದೆ ಕೂತು ಕುಡಿಸಿರೋ ಹೊಗೆ. ಈ ಕಪ್ಪು ಯಾವ ಅಂಗಡೀಲೂ ಸಿಗಲ್ಲ, ಯಾವ ಡಬ್ಬೀಲೂ ಬರಲ್ಲ. ಬೇಕಿದ್ರೆ ಇದನ್ನೇ ಬಿಚ್ಚಿಕೊಂಡು ಹೋಗಿ."

ಮೇಸ್ತ್ರಿ ಅವಳನ್ನು ದುರುಗುಟ್ಟಿ ನೋಡಿದ. ಬಿಳಿ ಬೂಟಿನವನು ನಕ್ಕ. ನಗುತ್ತಾ ನಗುತ್ತಾ ನಿಲ್ಲಿಸಿದ. ಮತ್ತೆ ಮೇಲೆ ನೋಡಿದ. "ಬಿಚ್ಚಿದ್ರೆ ಹಾಳಾಗಲ್ವಾ?"

"ಮೊಳೆ ಇಲ್ವಲ್ಲ ಸರ್," ಅಂದಳು ಸೊಸೆ. "ಇವರು ಈಗ ತಾನೇ ಹೇಳಿದ್ರಲ್ಲ. ಕಟ್ಟಿದ್ದು ಬಿಚ್ಚಬಹುದು."

ಅವನು ಹೇಳಿದ ಬೆಲೆ ಕೇಳಿ ಮೇಸ್ತ್ರಿ ಮಣೆಯ ಮೇಲೆ ಕೂತುಬಿಟ್ಟ. ಹುಟ್ಟಿದಾಗಿನಿಂದ ಅವನು ಆ ಮಣೆಯ ಮೇಲೆ ಕೂತಿದ್ದು ಅದೇ ಮೊದಲಿರಬೇಕು.

ಬಿಳಿ ಬೂಟಿನವನು ಹೋಗುತ್ತಲೇ ಸೊಸೆ ಗಂಡನ ಎದುರು ನಿಂತಳು. "ಈಗ ಹೇಳಿ, ತಗಡು ತಾನೇ?"

"ತಗಡೇ. ಆಯ್ತು ಮಾರಾಯ್ತಿ, ತಗಡೇ."

"ಅತ್ತೆ, ಕೇಳಿಸ್ಕೊಂಡ್ರಾ? ನಿಮ್ಮ ಮಗ ಬಾಯಿಬಿಟ್ಟು ತಗಡು ಅಂದ್ರು!"

"ಕೇಳಿಸ್ತು, ಕೇಳಿಸ್ತು," ಅಂದರು ಅತ್ತೆ ಹಿತ್ತಲಿಂದ. "ನನ್ನ ಒಂದು ಮಾತು ಕೇಳದೆ ನನ್ನ ಹೊಗೆ ಮಾರಿಬಿಟ್ರಲ್ಲ ಗಂಡ ಹೆಂಡ್ತಿ ಸೇರ್ಕೊಂಡು." ತಮಾಷೆಗೆ ಅಂದ ಹಾಗಿತ್ತು. ಸೊಸೆ ತಮಾಷೆ ಅಂತಲೇ ತಿಳಿದು ಹೋಗಿ ಅವರ ಕೆನ್ನೆ ಹಿಂಡಿ ಬಂದಳು.

ಸೂರು ಬಿಚ್ಚಿದ ದಿನ ಬೀದಿಗೆ ಬೀದಿಯೇ ಬಂದು ನಿಂತಿತ್ತು. ಮೇಸ್ತ್ರಿಯ ಆಳುಗಳು ಸಾಲುಸಾಲಾಗಿ ಎಲೆ ಬಿಚ್ಚಿ, ಕೂಸನ್ನು ಇಳಿಸುವ ಹಾಗೆ ಕೈಯಿಂದ ಕೈಗೆ ಇಳಿಸಿದರು. ಪ್ರತಿ ಸಾಲಿಗೂ ಹೊಗೆಯ ಇಲ್ಲಣ ಕಪ್ಪು ದಾರದ ಹಾಗೆ ಕಳಚಿ ತಲೆ, ಹೆಗಲು, ಹುಬ್ಬಿನ ಮೇಲೆ ಬೀಳುತ್ತಿತ್ತು. ಹಲ್ಲು ಬಿಟ್ಟು ಬೇರೇನೂ ಬಿಳಿ ಉಳಿಯಲಿಲ್ಲ. ಟೈಲರಕ್ಕ ತನ್ನ ಬಾಗಿಲಲ್ಲಿ ನಿಂತು, "ಮೇಸ್ತ್ರಿ ಯಾರು, ಆಳು ಯಾರು ಗೊತ್ತಾಗ್ತಿಲ್ಲ. ಈಗ ಯಾರ ಹೆಂಡತಿ ಯಾರ ಜತೆ ಹೋದ್ರೂ ಕೇಳೋ ಹಾಗಿಲ್ಲ!" ಅಂತ ಕೂಗಿದಳು. ಅಡುಗೆಮನೆಯ ನಡುವೆ ನಿಂತು ಕತ್ತೆತ್ತಿದ ಸೊಸೆಗೆ ಆಕಾಶ ಕಂಡಿತು. ಅವಳು ಊದುಕೊಳವೆಯನ್ನು ಎತ್ತಿಕೊಂಡು, ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ, ಒಲೆಯಲ್ಲಿ ಉಳಿದಿದ್ದ ಕೆಂಡಕ್ಕೆ ಹಾಕಿದಳು. ಬಿದಿರು ಪಟ್ ಅಂತ ಸಿಡಿಯಿತು. ಎಲ್ಲರೂ ನಕ್ಕರು. ಅತ್ತೆ ಮಾತ್ರ ಜಗಲಿಯ ಕಂಬ ಹಿಡಿದು ಉರಿಯುವ ಕೊಳವೆಯನ್ನೇ ನೋಡುತ್ತಿದ್ದರು.

ಮೇಲೆ ನೀಲಿ ಟಾರ್ಪಾಲು ಬಂತು. ತಗಡು ಮುಂದಿನ ವಾರ ಅಂದ ಮೇಸ್ತ್ರಿ. ಟೈಲರಕ್ಕ ತನ್ನ ಹಳೆಯ ಗ್ಯಾಸ್ ಒಲೆಯನ್ನು ತಾತ್ಕಾಲಿಕವಾಗಿ ಕೊಟ್ಟಳು. ಗುಬುಟು ತಿರುಗಿಸಿದರೆ ನೀಲಿ ಬೆಂಕಿ, ಮೇಲೆ ನೀಲಿ ಟಾರ್ಪಾಲು, ಅಡುಗೆಮನೆಗೆ ಅಡುಗೆಮನೆಯೇ ನೀರೊಳಗೆ ಇದ್ದಂತೆ. ಸೊಸೆಗೆ ಹಾಲು ಕುಡಿದಷ್ಟು ಸಂತೋಷ. ಮತ್ತೆ ಮುಂದಿನ ಜಗಲಿಗೆ ಬಂದು ಕೂತಳು. ಅವಳ ಕರವಸ್ತ್ರ ಬೆಳ್ಳಗಾಯಿತು. ಬೆರಳಿಗೆ ಅಂಟಿದ್ದ ಮಸಿ ಬಿಡುವ ತನಕ ಹೆಣೆದ ಟೋಪಿಗಳ ಅಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಗುರುತು ಉಳಿದವು, ಅಷ್ಟೇ.

ವಸತಿಗೃಹ ಶುರುವಾದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿ ಅಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋದ. ಅತ್ತೆಯದೇ ಹಟ. "ನನ್ನ ಸೂರು ಎಲ್ಲಿ ಕೂತಿದೆ ನೋಡ್ಬೇಕು" ಅಂತ ಒಂದೇ ಸಮನೆ ಜೀವ ತಿಂದಿದ್ದರು. ಒಗೆದ ಸೀರೆ ಉಟ್ಟು, ಕೆಮ್ಮಿನ ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟರು.

ಊಟದ ಹಾಲಿನೊಳಗೆ ಕಾಲಿಟ್ಟವರೆಲ್ಲ ಮೊದಲು ಮಾಡುತ್ತಿದ್ದುದು ಕತ್ತೆತ್ತುವುದು. ಕೆಳಗಿನಿಂದ ದೀಪ ಬಿಟ್ಟಿದ್ದರು. ಕಪ್ಪು ನಿರಿಗೆಗಳ ಮೇಲೆ ಬೆಳಕು ಜಾರುತ್ತಿತ್ತು. ಜನ ಊಟ ಬಿಟ್ಟು ಫೋನು ಮೇಲೆ ಹಿಡಿದು ಫೋಟೋ ತೆಗೆಯುತ್ತಿದ್ದರು. ಬಿಳಿ ಬೂಟಿನವನು ಯಾರಿಗೋ, "ನೂರಾರು ವರ್ಷದ್ದು, ಕಾಡಿನ ಒಳಗಿಂದ ತರಿಸಿದ್ದು" ಅಂತ ಹೇಳುತ್ತಿದ್ದ. ಅತ್ತೆ ಒಂದೊಂದು ಸಾಲನ್ನೂ ಕಣ್ಣಲ್ಲೇ ತಡವಿಕೊಂಡು ಹೋಗಿ ಒಂದು ಕಡೆ ನಿಂತರು. ಹಣ್ಣಿನ ರಸ ಕೊಡುವ ಕಟ್ಟೆಯ ನೆತ್ತಿಯ ಮೇಲೆ ಉಳಿದ ಎಲ್ಲದಕ್ಕಿಂತ ಕಪ್ಪಾದ ಒಂದು ತುಂಡು.

"ಅಗೋ, ನನ್ನ ಜಾಗ," ಅಂದರು. "ಒಲೆ ಮೇಲಿದ್ದುದು ಅದು. ಅದರ ಕೆಳಗೇ ಕಣೇ ನಾನು ಕೂತಿದ್ದುದು."

ಸೊಸೆ ನೋಡುತ್ತಿದ್ದಳು. ಅತ್ತೆಯ ಮುಖದಲ್ಲಿ ಅವಳು ಯಾವತ್ತೂ ಕಾಣದ ಒಂದು ಕಳೆ ಬಂದಿತ್ತು. ಸೀರೆಯನ್ನು ಎಲ್ಲರೂ ಹೊಗಳಿದಾಗ ಹೊಸ ಮದುವಣಗಿತ್ತಿಗೆ ಬರುತ್ತದಲ್ಲ, ಅಂಥದು. ಆಮೇಲೆ ಕೆಮ್ಮು ಬಂತು. ಮಾತ್ರೆಯ ಗಂಟು ಬಿಚ್ಚುವಷ್ಟೂ ಪುರುಸೊತ್ತು ಕೊಡದೆ ಬಂತು. ಊಟಕ್ಕೆ ಕೂತವರು ತಟ್ಟೆ ಹಿಂದಕ್ಕೆ ಎಳೆದುಕೊಂಡರು. ಸಮವಸ್ತ್ರದ ಹುಡುಗಿಯೊಬ್ಬಳು ಓಡಿಬಂದು, ಬಹಳ ಮರ್ಯಾದೆಯಿಂದ, "ಅಮ್ಮಾ, ಆಚೆ ಗಾಳಿ ಚೆನ್ನಾಗಿದೆ, ಬನ್ನಿ" ಅಂತ ತೋಳು ಹಿಡಿದು ಹೊರಗೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಬಾಗಿಲು ಹಾಕಿಕೊಂಡಳು. ಸೂರು ಒಳಗಿರಬಹುದಿತ್ತು. ಅದೇ ಒಲೆಯ ಕೆಮ್ಮು ಮಾತ್ರ ಆಚೆ ಇರಬೇಕಿತ್ತು.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಎದೆ ಸುಟ್ಟು ಮಾಡಿದ ಸೂರು ಅತ್ತೆ. ನಿಮ್ಮನ್ನೇ ಆಚೆ ಹಾಕಿದ್ರಲ್ಲ, ಇವರ ಮನೆ ಹಾಳಾಗ!"

ಅತ್ತೆ ನೀರು ಗುಟುಕರಿಸಿದರು. "ಎಲ್ಲರೂ ಮೇಲೇ ನೋಡ್ತಿದ್ರು, ನೋಡಿದ್ಯಾ?" ಅಂದರು. "ಒಬ್ರಾದ್ರೂ ಕೆಳಗೆ ನೋಡ್ಲಿಲ್ಲ."

ಅದು ನೋವಿನ ಮಾತು ಅಂತ ಸೊಸೆ ತಿಳಿದಳು.

ಮುಂದಿನ ವಾರದ ತಗಡು ಅದರ ಮುಂದಿನ ವಾರಕ್ಕೆ ಹೋಯಿತು. ಅದರ ಬದಲಿಗೆ ಒಂದು ಬೆಳಗ್ಗೆ ಎಲೆಯ ಲಾರಿ ಬಂತು. ಹಸಿ ಎಲೆ, ಲಾರಿಯ ಬದಿಗಳು ಉಬ್ಬುವಷ್ಟು. ಅಂಗಳದಲ್ಲಿ ಕೆಡವಿದ ರಾಶಿಯ ಹತ್ತಿರ ಹೋಗಿ ಸೊಸೆ ಮೇಲಿನ ಎಲೆಗಳನ್ನು ಸರಿಸಿದಳು. ದೊಡ್ಡ ಎಲೆಗಳ ಮಧ್ಯೆ, ಕಂತೆ ಕಂತೆಯಾಗಿ, ಬಿಚ್ಚದ ಸುಳಿಗಳು. ಬುಡದ ಬಿಳಿ ತಿರುಳಿನ ಸಮೇತ ಕಡಿದ ಸುಳಿಗಳು.

"ಇದೇನ್ರೀ? ಸುಳಿಗೂ ಕತ್ತಿ ಹಾಕಿಬಿಟ್ರಾ?"

"ಕಡಿಯೋಕೆ ಬಂದವರು ಹೊಸ ಆಳು. ಅವಸರ ಇತ್ತು," ಅಂದ ಮೇಸ್ತ್ರಿ. ಮುಖ ಕೊಡಲಿಲ್ಲ. "ಕಾಡು ದೊಡ್ಡದಿದೆ ಬಿಡು."

"ಏನಕ್ಕೆ ಇಷ್ಟು?"

ಆಗ ಹೇಳಿದ. ಬಿಳಿ ಬೂಟಿನವನು ಊಟದ ಹಾಲಿನ ಸುತ್ತ ಕುಟೀರಗಳನ್ನು ಕಟ್ಟಿಸುತ್ತಿದ್ದಾನೆ. ಎಲ್ಲಕ್ಕೂ ಸೂರು ಬೇಕು. ಎಲ್ಲವೂ ಅದೇ ಕಪ್ಪಿನದ್ದಾಗಬೇಕು. ಮೇಸ್ತ್ರಿ ಮೊದಲು ಗ್ಯಾರೇಜಿನ ಹಳೆಯ ಆಯಿಲಿಗೆ ಮಸಿ ಕಲಸಿ ಒಂದೆರಡು ಎಲೆಗೆ ಸವರಿ ತೋರಿಸಿದನಂತೆ. ಬಿಳಿ ಬೂಟಿನವನು ಮೂಸಿ ನೋಡಿ, "ಇದು ಲಾರಿ ವಾಸನೆ. ನನಗೆ ನಿಮ್ಮ ಮನೆ ವಾಸನೆ ಬೇಕು" ಅಂದನಂತೆ.

"ಅದಕ್ಕೇ ಈಗ ಇಲ್ಲೇ ಮಾಡೋದು," ಅಂದ ಮೇಸ್ತ್ರಿ. ಅವನ ಕಣ್ಣು ಹೊಳೆಯುತ್ತಿತ್ತು. "ಸೂರಿಗೆ ಒಂದು ಪದರ ಹೊದಿಸ್ತೀನಿ. ಅದರ ಕೆಳಗೆ ಗಳ ಕಟ್ಟಿ ಇನ್ನೊಂದು, ಅದರ ಕೆಳಗೆ ಮತ್ತೊಂದು. ಕಿಟಕಿಗೆಲ್ಲ ಬಿದಿರ ತಟ್ಟಿ ಬಡಿದುಬಿಟ್ರೆ ಹೊಗೆ ಎಲ್ಲೂ ಹೋಗಲ್ಲ. ಅಮ್ಮ ಅಷ್ಟು ಕಾಲ ಕೂತು ಮಾಡಿದ್ದನ್ನ ನಾವು ಬೇಗ ಬೇಗ ಮಾಡಿ ಇಳಿಸ್ತಾ ಹೋಗೋದು. ಒಂದು ಕಂತು ಇಳಿಸು, ಇನ್ನೊಂದು ಏರಿಸು. ನಿನ್ನಿಂದಾನೇ ಕಣೇ ಇದೆಲ್ಲ ಹೊಳೆದಿದ್ದು. ಈ ಕಪ್ಪು ಯಾವ ಅಂಗಡೀಲೂ ಸಿಗಲ್ಲ ಅಂದೆಯಲ್ಲ! ಏನ್ ತಲೆ ನಿಂದು!"

ಅವನು ನಿಜಕ್ಕೂ ಹೊಗಳುತ್ತಿದ್ದ. ಮದುವೆಯಾದಾಗಿನಿಂದ ಇಷ್ಟು ಮನಸಾರೆ ಹೊಗಳಿದ್ದೇ ಇಲ್ಲ. ತನ್ನ ಬಾಯಿಂದಲೇ ಬಂದ ಮಾತು ತನ್ನ ಕಾಲಿಗೇ ಸುತ್ತಿಕೊಳ್ಳುತ್ತಿರುವುದನ್ನು ಸೊಸೆ ನಿಂತು ಕೇಳಿಸಿಕೊಂಡಳು.

"ತಗಡು?" ಅಂದಳು.

"ತಗಡು ಎಲ್ಲಿಗೆ ಓಡಿಹೋಗುತ್ತೆ? ಆಮೇಲೆ ಹಾಕಿದ್ರಾಯ್ತು."

ಎಲೆಗಳು ಒಣಗಿದವು, ಸೂರು ಏರಿತು. ಪದರದ ಕೆಳಗೆ ಪದರ ಬಂದು, ಎತ್ತರದ ಅಡುಗೆಮನೆ ತಲೆಗೆ ತಾಗುವಷ್ಟು ಕುಗ್ಗಿತು. ಕಿಟಕಿಗಳಿಗೆ ತಟ್ಟಿ ಬಡಿದರು. ಗ್ಯಾಸ್ ಒಲೆ ಟೈಲರಕ್ಕನ ಮನೆಗೆ ವಾಪಸು ಹೋಯಿತು. "ಬೇಡ ಅಂದ್ಯಾ ನೀನು?" ಅಂತ ಅವಳು ಕೇಳಿದಾಗ ಸೊಸೆ ಒಲೆಯನ್ನು ಅವಳ ಕೈಗಿಟ್ಟು ವಾಪಸು ಬಂದಳು. ಟೋಪಿಗೆ ಅಂತ ಅವಳಿಗೆ ಕಾಡಿನಿಂದ ಸುಳಿ ತಂದುಕೊಡುತ್ತಿದ್ದ ಮುದುಕ ಬರಿಗೈಯಲ್ಲಿ ಬಂದು, ಹತ್ತಿರದ ಗಿಡಗಳೆಲ್ಲ ನಿಂತಲ್ಲೇ ಕಂದುಬಣ್ಣಕ್ಕೆ ತಿರುಗುತ್ತಿವೆ, ಇನ್ನು ಟೋಪಿ ಗೀಪಿ ಮರೆತುಬಿಡು ತಾಯಿ ಅಂತ ಹೇಳಿ ಹೋದ.

ಒಲೆ ಹಚ್ಚುವ ದಿನ ಬೆಳಗ್ಗೆ ಮೇಸ್ತ್ರಿ ಪೇಟೆಯಿಂದ ಒಂದು ಉಡುಗೊರೆ ತಂದಿದ್ದ. ಕಾಗದ ಬಿಚ್ಚಿದರೆ ಊದುಕೊಳವೆ. ಬಿದಿರಿನದಲ್ಲ, ಸ್ಟೀಲಿನದು. ಅವಳ ತೋಳಿಗಿಂತ ಉದ್ದ, ಥಳಥಳ ಹೊಳೆಯುವಂಥದು.

"ಹೇಳಿ ಮಾಡಿಸಿದೆ," ಅಂದ. "ಉದ್ದ ಇದೆ ನೋಡು, ದೂರ ಕೂತು ಊದಬಹುದು. ನಿನಗೆ ಹೊಗೆ ತಾಗಲ್ಲ. ಸುಟ್ಟೂ ಹೋಗಲ್ಲ ಇದು."

ಸೊಸೆ ಅದನ್ನು ಮಣೆಯ ಮೇಲೆ ಇಟ್ಟಳು. "ನಾನು ಕೂರಲ್ಲ."

"ಅಂದ್ರೆ?"

"ಅಂದ್ರೆ ಕೂರಲ್ಲ. ನಿಮ್ಮ ಸೂರು, ನಿಮ್ಮ ಹೊಗೆ, ನಿಮ್ಮ ಬಿಳಿ ಬೂಟು. ನೀವೇ ಊದಿ."

ಮೇಸ್ತ್ರಿ ಜಗಳ ಆಡಲಿಲ್ಲ. ಅದೇ ಅವನ ಕಷ್ಟ, ಜಗಳ ಆಡುವವನಾಗಿದ್ದರೆ ಸೋಲಿಸಬಹುದಿತ್ತು. ಮುಖ ಹುಳ್ಳಗೆ ಮಾಡಿಕೊಂಡು, "ಆಯ್ತು ಬಿಡು. ಹುಳ ತಿನ್ನಲಿ. ಕೈಗೆ ಬಂದಿದ್ದು ಹೋಗ್ಲಿ" ಅಂದು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟುಹೋದ.

ಸೊಸೆ ಮುಂದಿನ ಜಗಲಿಯಲ್ಲಿ ಕೂತಳು. ಹೆಣೆಯುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಕೈ ಕಟ್ಟಿಕೊಂಡು ಕೂತಳು. ಎದುರಿಗೆ ಟೈಲರಕ್ಕನ ಯಂತ್ರ ಸರಸರ ಓಡುತ್ತಿತ್ತು. ಗೆದ್ದೆ ಅಂತ ಅನ್ನಿಸಿತು ಅವಳಿಗೆ. ಒಂದು ದಿನ ಹೊಗೆ ಬೀಳದಿದ್ದರೆ ಇನ್ನೊಂದು ದಿನವೂ ಬೀಳುವುದಿಲ್ಲ. ಹುಳ ಬರುತ್ತದೆ. ಬರಲಿ. ಆಮೇಲೆ ತಗಡು ಬರುತ್ತದೆ.

ಆಗ ಮೂಗಿಗೆ ವಾಸನೆ ತಾಗಿತು.

ಒಳಗೆ ಓಡಿದಳು. ತಟ್ಟಿ ಬಡಿದ ಅಡುಗೆಮನೆ ಆಗಲೇ ಮಬ್ಬಾಗಿತ್ತು. ಮಣೆಯ ಮೇಲೆ ಅತ್ತೆ. ಸ್ಟೀಲಿನ ಕೊಳವೆಯ ಒಂದು ತುದಿ ಒಲೆಯಲ್ಲಿ, ಇನ್ನೊಂದು ತುದಿ ಅವರ ಬಾಯಲ್ಲಿ. ಒಂದು ಸಲ ಊದುವುದು, ಕೆಮ್ಮುವುದು, ಮತ್ತೆ ಊದುವುದು. ಕಣ್ಣಿಂದ ನೀರು ಧಾರಾಕಾರ.

"ಅತ್ತೆ! ಏನ್ ಮಾಡ್ತಿದ್ದೀರಿ? ಏಳಿ ಮೇಲೆ! ಡಾಕ್ಟರಮ್ಮ ಏನಂದಿದ್ರು?"

"ಡಾಕ್ಟರಮ್ಮ ಬಂದು ಊದ್ತಾರಾ?"

"ಯಾರೂ ಊದಬೇಕಾಗಿಲ್ಲ. ಬಿಡಿ ಅದನ್ನ. ನೀವು ಕೂತ್ರೆ ಸತ್ತೇ ಹೋಗ್ತೀರ."

"ಸಾಯ್ತೀನಿ," ಅಂದರು ಅತ್ತೆ, ಇನ್ನೊಂದು ಸಲ ಊದಿ. "ಎಲೆ ಕಪ್ಪಾಗ್ಲಿ. ಅಷ್ಟು ಜನ ಕತ್ತೆತ್ತಿ ನೋಡ್ತಾರೆ ಕಣೇ. ನನ್ನ ಮುಖಾನ ಯಾರು ಹಾಗೆ ನೋಡಿದ್ರು?" ಮುಂದಿನ ಮಾತನ್ನು ಕೆಮ್ಮು ನುಂಗಿತು. ಈ ಸಲದ ಕೆಮ್ಮು ಅವರನ್ನು ಮಣೆಯ ಮೇಲೆ ಎರಡಾಗಿ ಮಡಿಸಿಬಿಟ್ಟಿತು.

ಸೊಸೆ ಬಾಗಿ ಒಂದು ಕೈಯಿಂದ ಅವರ ಬೆನ್ನು ನೀವಿ, ಇನ್ನೊಂದು ಕೈಯಿಂದ ಕೊಳವೆ ಕಿತ್ತುಕೊಂಡಳು. "ಕೊಡಿ ಇಲ್ಲಿ. ನಾನು ಊದ್ತೀನಿ. ಏಳಿ ನೀವು. ಹಿತ್ತಲಿಗೆ ಹೋಗಿ."

ಕೊಳವೆ ಕೈ ಬಿಟ್ಟ ಕೂಡಲೇ ಅತ್ತೆ ಎದ್ದರು. ಈಗಷ್ಟೇ ಎರಡಾಗಿ ಮಡಿಸಿಹೋಗಿದ್ದವರು ಗೋಡೆ ಹಿಡಿಯದೆ, ಯಾರ ಕೈಯೂ ಬೇಡದೆ ಎದ್ದರು. ಸೊಸೆಯ ಕೈಯಲ್ಲಿದ್ದ ಕೊಳವೆಯ ಬಾಯಿ ಕಚ್ಚುವ ತುದಿಯನ್ನು ತಮ್ಮ ಸೆರಗಿನಿಂದ ಒರೆಸಿದರು. ಚೆನ್ನಾಗಿ, ತಿರುಗಿಸಿ ತಿರುಗಿಸಿ ಒರೆಸಿದರು.

"ಬರ್ತೀಯ ಅಂತ ಗೊತ್ತಿತ್ತು," ಅಂದರು, ಸೊಸೆಯ ಮುಖ ನೋಡದೆ. "ನಮ್ಮತ್ತೆನೂ ಹೀಗೇ ಮಾಡಿದ್ರು. ಅವರಿಗೂ ಕೆಮ್ಮು. ನಾನೂ ಕೂರಲ್ಲ ಅಂದಿದ್ದೆ. ನಾನೂ ಹೀಗೇ ಓಡಿಬಂದೆ."

ಹೇಳಿ, ಹೊಗೆಯೊಳಗೆ ತಡವರಿಸದೆ ದಾರಿ ಹಿಡಿದು, ಹಿತ್ತಲ ಬಾಗಿಲು ದಾಟಿ ಹೋದರು. ಮಂಚ ಕಿರುಗುಟ್ಟಿದ್ದು ಕೇಳಿಸಿತು.

ಸೊಸೆ ಕೊಳವೆ ಹಿಡಿದು ನಿಂತೇ ಇದ್ದಳು. ಒಲೆ ಆರುತ್ತಿತ್ತು. ಆರಿದರೆ ಆ ಮಂಚ ಮತ್ತೆ ಕಿರುಗುಟ್ಟುತ್ತದೆ. ಇವತ್ತು, ನಾಳೆ, ನಾಡಿದ್ದು, ತಾನು ಎಷ್ಟು ಸಲ ಎದ್ದು ಹೋಗುತ್ತೇನೋ ಅಷ್ಟು ಸಲವೂ. ಅವಳು ಮಣೆಯ ಮೇಲೆ ಕೂತಳು. ಮಣೆ ಇನ್ನೂ ಬೆಚ್ಚಗಿತ್ತು. ಕೊಳವೆ ನಿಜಕ್ಕೂ ಉದ್ದವಿತ್ತು, ಆದರೆ ಕಿಟಕಿ ಮುಚ್ಚಿದ ಮನೆಯಲ್ಲಿ ಹೊಗೆಗೆ ದೂರ ಹತ್ತಿರ ಅನ್ನುವುದು ಇರುವುದಿಲ್ಲ. ಊದಿದಳು. ಕೆಂಡ ಕೆಂಪಾಯಿತು. ನೆತ್ತಿಯ ಮೇಲೆ, ಕೈಗೆ ಎಟುಕುವಷ್ಟು ಕೆಳಗೆ ತೂಗುತ್ತಿದ್ದ ಹೊಸ ಎಲೆಗಳ ಬಿಳಿ ನಿರಿಗೆಗಳೊಳಕ್ಕೆ ಮೊದಲ ಹೊಗೆ ಮೆಲ್ಲಗೆ ನುಸುಳಿತು.

"ಏ!" ಅಂತ ಹಿತ್ತಲಿಂದ ಅತ್ತೆಯ ದನಿ ಬಂತು, ಎಂದಿನ ಹಾಗೆ, ಅಕ್ಕರೆಯಿಂದಲೇ. "ಸೆರಗು ಮೂಗಿಗೆ ಕಟ್ಟಿಕೊಂಡ್ಯಾ? ಇನ್ನೊಂದು ಹಸಿ ಸೌದೆ ಹಾಕು ಕಣೇ, ಬೇಗ ಕಪ್ಪಾಗುತ್ತೆ."

ಸೊಸೆ ಸೆರಗು ಕಟ್ಟಿಕೊಂಡಳು. ಸೌದೆ ಹಾಕಿದಳು.